ಲಕ್ಷ ಕೊಡ್ರಿ!

ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದ ನನಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಕೊನೇ ಬೆಂಚಿಗೆ ಕೇಳಿಸಲೇಬೇಕೆಂಬ ಚಟ. ಅವತ್ತು ಸಿಂಧನೂರಿನಲ್ಲಿ ಲಿಂಗಸುಗೂರು ಬಸ್ ಹತ್ತಿ, ಮಸ್ಕಿಯ ತಂಗಿ ಮನೆಗೆ ಹೊರಟಿದ್ದೆ. ಹತ್ತನೇ ಈಯತ್ತೆ ಅಳಿಯನ ಫೋನು ಬಂತು.

“ಮಾಮಾ, ‘ಪೇ ಅಟೆನ್ಷನ್’ ಅಂದ್ರ ರೊಕ್ಕ ಕಟ್ಟೋದೇನು?”

ನನಗೆ ಬೇಕಾದದ್ದೂ ಇಂಥ ಪ್ರಶ್ನೆಯೇ. ಇಂಗ್ಲಿಷರು ವ್ಯಾಪಾರದ ಮಂದಿ, ಗಮನವನ್ನೂ ಪಾವತಿ ಮಾಡುತ್ತಾರೆ. ಸ್ಪೇನಿನವರು ಅದನ್ನು ಕಡ ಕೊಡುತ್ತಾರೆ, ಜರ್ಮನರು ಉಡುಗೊರೆ ಕೊಡುತ್ತಾರೆ. ನಾವು ಸುಮ್ಮನೆ ಕೊಡುತ್ತೇವೆ. ಇಷ್ಟನ್ನೂ ಹೇಳಿ ಮುಗಿಸಿದೆ. ಗ್ರಹಚಾರ ಶುರುವಾದದ್ದು ಆಮೇಲೆ. ನಮ್ಮ ಕಡೆ ‘ಲಕ್ಷ್ಯ’ದ ಯ-ಒತ್ತು ಬಾಯಿಂದ ಹೊರಬೀಳುವಷ್ಟರಲ್ಲಿ ಉದುರಿಹೋಗಿರುತ್ತದೆ.

“ಲಕ್ಷ ಕೊಡು ಅಂತ ಅರ್ಥ! ಮುಂದ ‘ಟು’ ಹಚ್ಚು, ಯಾರಿಗೆ ಕೊಡ್ತಿ ಅನ್ನೋದು ಗೊತ್ತಾಗಬೇಕು. ಹಿಂದ ‘ಆ್ಯನ್’ ಹಚ್ಚಬ್ಯಾಡ, ಅದನ್ನ ಎಣಿಸಬಾರದು!”

ಪಕ್ಕದ ರುಮಾಲಿನ ಯಜಮಾನರು ನನ್ನ ಕಡೆ ತಿರುಗಿದರು. ನಾನು ವ್ಯಾಕರಣದ ಅಮಲಿನಲ್ಲಿದ್ದೆ. “ಪೇ, ಪೇಯ್ಡ್, ಪೇಯ್ಡ್! ನಿನ್ನೇನೂ ಕೊಟ್ಟಿಲ್ಲ, ಇವತ್ತೂ ಕೊಟ್ಟಿಲ್ಲ. ಮಾಸ್ತರಿಗೆ ಲಕ್ಷ ಕೊಡದಿದ್ರ ಪಾಸ್ ಹೆಂಗಾಗ್ತಿ?”

“ಮಾಸ್ತರಿಗೆ ಲಕ್ಷ ಯಾಕ್ರಿ?” ಎಂದರು ಯಜಮಾನರು.

“ಕೊಡಲೇಬೇಕ್ರಿ. ನಾನೂ ಮೂವತ್ತು ವರ್ಷ ಇಸಗೊಂಡೀನಿ.”

ಬಸ್ಸು ಗಪ್ಪಾಯಿತು. ಮುಂದಿನ ಸೀಟಿನ ಹೆಣ್ಣುಮಗಳು ಚೀಲವನ್ನು ಮಡಿಲಿಗೆಳೆದುಕೊಂಡಳು. ಹಿಂದಿನಿಂದೊಬ್ಬ, “ಐವತ್ತು ಸಾವಿರಕ್ಕ ಮುಗಸ್ರಿ ಸರ್, ಹುಡುಗ ಬಡವ ಇರಬೇಕು” ಎಂದು ಮಧ್ಯಸ್ಥಿಕೆಗೆ ಬಂದ. ಇನ್ನೊಬ್ಬನಿಗೆ ಇದು ನೌಕರಿ ವ್ಯವಹಾರವಾಗಿ ಕಂಡಿತು. ಮತ್ತೊಬ್ಬ ಅಜ್ಜಿ, ವರದಕ್ಷಿಣೆ ಎಂದೇ ತೀರ್ಮಾನಿಸಿ, “ಹೆಣ್ಣು ಹಡದವರ ಹೊಟ್ಟಿ ಉರಸಬ್ಯಾಡಪ್ಪ” ಎಂದು ಕೈಮುಗಿದಳು. ನಾನು ಎದ್ದು ನಿಂತು, ಕಂಬಿ ಹಿಡಿದು, ಲಕ್ಷ ಬೇರೆ ಲಕ್ಷ್ಯ ಬೇರೆ ಎಂದು ಒತ್ತಕ್ಷರ ಸಮೇತ ಪಾಠ ಮಾಡಿದೆ. “ಹಂಗಾರ ಎಷ್ಟು ಅಂತ ಬಾಯಿಬಿಟ್ಟು ಹೇಳ್ರಿ” ಎಂದರು ಯಜಮಾನರು.

‘ಗಮನ ಹರಿಸು’ ಎಂದು ಬಿಡಿಸಿ ಹೇಳಹೊರಟೆ. “ಹರಿಸ್ತಾರ, ಹರಿಸ್ತಾರ” ಎಂದು ಯಜಮಾನರು ಮುಖ ತಿರುಗಿಸಿದರು. ಅವರ ಹೊಲ ಎಡದಂಡೆ ನಾಲೆಯ ಕೊನೇಭಾಗದಲ್ಲಿತ್ತಂತೆ. ‘ಮಾನ್ಯರು ಇತ್ತ ಗಮನ ಹರಿಸಬೇಕಾಗಿ ವಿನಂತಿ’ ಎಂಬ ಅರ್ಜಿಗಳನ್ನು ಅಂಥವರಿಗೆ ನಾನೇ ಎಷ್ಟೋ ಬರೆದುಕೊಟ್ಟಿದ್ದೇನೆ. ತುಂಗಭದ್ರೆಯ ನೀರೂ ಮಾನ್ಯರ ಗಮನವೂ ಹರಿಯುವುದು ಒಂದೇ ರೀತಿ, ಮೇಲ್ಭಾಗದಲ್ಲೇ ಇಂಗಿಹೋಗುತ್ತವೆ. ಆಮೇಲೆ ಸ್ವಲ್ಪ ಹೊತ್ತು ನನಗೆ ವ್ಯಾಕರಣ ಬಾಯಿಗೆ ಬರಲಿಲ್ಲ.

ಮಸ್ಕಿ ಯಾವಾಗ ಹೋಯಿತೋ! ಆ ಊರಿಗೆ ಇದೇನು ಹೊಸದಲ್ಲ. ಸ್ವತಃ ಅಶೋಕ ಬಂಡೆಗೆ ತನ್ನ ಹೆಸರು ಕೆತ್ತಿಸಿಟ್ಟಿದ್ದರೂ, 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರನ ಕಣ್ಣಿಗೆ ಬೀಳುವತನಕ ವಿದ್ವಾಂಸರ ಲಕ್ಷ್ಯ ಅತ್ತ ಹೋಗಿರಲಿಲ್ಲ. ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಎಂಬುದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕದ್ದೇ ಅಲ್ಲಿ. ಎರಡು ಸಾವಿರ ವರ್ಷ ಚಕ್ರವರ್ತಿಯೇ ಕಾದಿರುವಾಗ ತಂಗಿ ಒಂದು ತಾಸು ಕಾದರೆ ಏನಂತೆ? ತಂಗಿ ಇದನ್ನು ಒಪ್ಪಲಿಲ್ಲ.

ಕಂಡಕ್ಟರ್ ಬಂದ. “ಮಸ್ಕಿ ಟಿಕೆಟ್ ಐತಲ್ರಿ. ಲಕ್ಷ ಎಲ್ಲಿತ್ತು?”

ಇಡೀ ಬಸ್ಸು ನಕ್ಕಿತು. ಲಿಂಗಸುಗೂರಿನತನಕದ ಹೆಚ್ಚಿನ ಹಣ ಎಣಿಸಿಕೊಟ್ಟೆ. ಇಳಿಯುವಾಗ ಅಜ್ಜಿ, “ಬೀಗರ ಕೂಡ ಹೊಂದಿಕೊಂಡು ಹೋಗಪ್ಪ” ಎಂದಳು.

ಮರಳಿ ಮಸ್ಕಿ ಮುಟ್ಟಿದಾಗ ಕೈ ಖಾಲಿ. ಐದು ಕಿಲೋ ಸೋನಾಮಸೂರಿ ಅಕ್ಕಿ, ಅಳಿಯನಿಗೆಂದು ತಂದ ಡಿಕ್ಷನರಿ ಎರಡೂ ಇದ್ದ ಹಳದಿ ಕೈಚೀಲ ಬಸ್ಸಿನಲ್ಲೇ ಉಳಿದಿತ್ತು. ಸಿಕ್ಕವರು ಅಕ್ಕಿ ಉಂಡುಬಿಡಿ. ಡಿಕ್ಷನರಿಯ ವಿಷಯದಲ್ಲಿ ಮಾತ್ರ ಇತ್ತ ಗಮನ ಹರಿಸಬೇಕಾಗಿ ವಿನಂತಿ.