ಪಾರ್ಕಿನ ನಡಿಗೆದಾರಿ ಎಲ್ಲರಿಗೂ ಮುಕ್ತ: ಗುತ್ತಿಗೆದಾರರ ಕೈಪಿಡಿ

ಬಡಾವಣೆಯ ಪಾರ್ಕಿನ ನಡಿಗೆದಾರಿಯನ್ನು ‘ವಿಶೇಷಚೇತನಸ್ನೇಹಿ’ ಮಾಡುವ ಕಾಮಗಾರಿ ತಮಗೆ ಸಿಕ್ಕಿದೆ. ಅಭಿನಂದನೆಗಳು. ಗುದ್ದಲಿ ಹಾಕುವ ಮುನ್ನ ಇದನ್ನೊಮ್ಮೆ ಓದಿಕೊಳ್ಳಿ. ಗಾಲಿಕುರ್ಚಿ ಬಳಸುವವರನ್ನು ಮಾತ್ರ ಏನೂ ಕೇಳಲು ಹೋಗಬೇಡಿ, ಎಸ್ಟಿಮೇಟು ಕೆಡುತ್ತದೆ.

ಮೊದಲು ಗೇಟು. ಪಾರ್ಕಿನೊಳಗೆ ಸ್ಕೂಟರುಗಳು ನುಗ್ಗುತ್ತವೆಂದು ಬಡಾವಣೆಯ ಹಿರಿಯರು ದೂರು ಕೊಟ್ಟಿರುತ್ತಾರೆ, ದೂರು ನಿಜವೂ ಹೌದು. ಬಾಗಿಲಲ್ಲಿ ಕಬ್ಬಿಣದ ಕಂಬಗಳನ್ನು ನೆಡಿ. ಗಾಲಿಕುರ್ಚಿಯ ಅಗಲ ಸುಮಾರು 650ರಿಂದ 700 ಮಿಲಿಮೀಟರ್. ಚಕ್ರ ತಿರುಗಿಸುವ ಕೈಗಳಿಗೂ ಜಾಗ ಬೇಕಲ್ಲ, ಹಾಗಾಗಿ ಸಲೀಸಾಗಿ ದಾಟಲು 900 ಆದರೂ ಬೇಕು. ತೊಡಕೇನೆಂದರೆ, ಸ್ಕೂಟರಿನ ಅಗಲವೂ ಹೆಚ್ಚುಕಡಿಮೆ ಕುರ್ಚಿಯಷ್ಟೇ. ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯುವ ಬುದ್ಧಿ ಕಬ್ಬಿಣಕ್ಕಿಲ್ಲ. ಅದಕ್ಕೆ ಗೇಟಿನಲ್ಲೊಬ್ಬ ಮನುಷ್ಯ ನಿಲ್ಲಬೇಕು, ಮನುಷ್ಯನಿಗೆ ತಿಂಗಳು ತಿಂಗಳೂ ಸಂಬಳ ಕೊಡಬೇಕು. ಕಂಬಕ್ಕಾದರೆ ಒಂದೇ ಬಿಲ್ಲು. ಆದ್ದರಿಂದ ಕಣ್ಣುಮುಚ್ಚಿ 450ಕ್ಕೆ ನೆಡಿ. ಸ್ಕೂಟರಿನವರ ಚಿಂತೆ ತಮಗೆ ಬೇಡ. ಕಸದ ಗಾಡಿಗೆಂದು ತೆರೆದಿಟ್ಟ ಹಿಂದಿನ ಗೇಟು ಅವರಿಗೆ ಗೊತ್ತು.

ಇಳಿಜಾರು 1:12 ಇರಬೇಕೆನ್ನುತ್ತಾರೆ, ಅಂದರೆ 1 ಅಡಿ ಏರಲು 12 ಅಡಿ ಉದ್ದ. ಅಷ್ಟು ಜಾಗ ಎಲ್ಲಿಂದ ತರುವುದು? 3 ಅಡಿಯಲ್ಲಿ ಮುಗಿಸಿ. ಹತ್ತುವಾಗ ಹಿಂದಿನಿಂದ ಇಬ್ಬರು ನೂಕಿದರಾಯಿತು. ಇಳಿಯುವಾಗ ಯಾರೂ ಬೇಡ, ತಾನಾಗಿಯೇ ಹೋಗುತ್ತದೆ. ಇಳಿಜಾರಿನ ಬುಡದಲ್ಲಿ ಚರಂಡಿಯ ಜಾಲರಿ ಇದ್ದರೆ ಅದರ ಸಂದುಗಳು ಚಕ್ರ ಬರುವ ದಿಕ್ಕಿಗೇ ಇರಲಿ. ಮುಂದಿನ ಪುಟ್ಟ ಚಕ್ರ ಅದರಲ್ಲಿ ಸಿಕ್ಕಿ ಕುರ್ಚಿ ಗಕ್ಕನೆ ನಿಲ್ಲುತ್ತದೆ. ಒಳಗೆ ಕೂತವರು ನಿಲ್ಲುವುದಿಲ್ಲ, ಅದು ಬೇರೆ ಮಾತು.

ದಾರಿಗೆ ಸಡಿಲ ಜಲ್ಲಿ ಸುರಿದು ‘ನಿಸರ್ಗಕ್ಕೆ ಹತ್ತಿರ’ ಎಂದು ಬರೆಸಿ.

ಹಳದಿ ಟೈಲ್ಸ್ ಮರೆಯಬೇಡಿ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ. ಉದ್ದ ಗೆರೆಯವು ‘ಮುಂದೆ ನಡೆ’ ಎಂದೂ ಚುಕ್ಕೆಯವು ‘ಎಚ್ಚರ, ನಿಲ್ಲು’ ಎಂದೂ ಕಣ್ಣು ಕಾಣದವರ ಕೋಲಿಗೆ ಹೇಳುತ್ತವಂತೆ. ಗೋಡೌನಿನಲ್ಲಿ ಯಾವುದು ಮಿಕ್ಕಿದೆಯೋ ಅದನ್ನೇ ಹಾಕಿ. ಗೆರೆಯದು ಮಿಕ್ಕಿದ್ದರೆ ನೇರ ಟ್ರಾನ್ಸ್‌ಫಾರ್ಮರ್ ತನಕ ಹಾಸಿ.

ಕಾನೂನಿನ ವಿಚಾರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದ್ದರೂ ಈ ಅಳತೆಗಳು ಬರೀ ಶಿಫಾರಸು ಎಂದು ಇಷ್ಟು ದಿನ ಸಮಾಧಾನವಾಗಿದ್ದೆವು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಹಾಗಾಗದು, ಕಡ್ಡಾಯ ಮಾನದಂಡಗಳನ್ನು ರೂಪಿಸಿ ಎಂದು ಕೇಂದ್ರಕ್ಕೆ ಹೇಳಿಬಿಟ್ಟಿದೆ. ಆದ್ದರಿಂದ ಬಿಲ್ಲು ಬೇಗ ಪಾಸು ಮಾಡಿಸಿಕೊಳ್ಳಿ.

ಉದ್ಘಾಟನೆಗೆ ಡಿಸೆಂಬರ್ 3 ಒಳ್ಳೆಯ ದಿನ, ವಿಶ್ವ ಅಂಗವಿಕಲರ ದಿನ. ಬಾಡಿಗೆ ಗಾಲಿಕುರ್ಚಿಯಲ್ಲಿ ಜೂನಿಯರ್ ಇಂಜಿನಿಯರನ್ನು ಕೂರಿಸಿ, ಕಂಬಗಳ ಒಳಗಡೆಯೇ ಫೋಟೋ ತೆಗೆಸಿ. ಅಷ್ಟರಲ್ಲಿ ನಿಜವಾಗಿ ಗಾಲಿಕುರ್ಚಿಯಲ್ಲೇ ಯಾರಾದರೂ ಬಂದು ಗೇಟಿನಾಚೆ ನಿಂತರೆ ಹಾರ ಹಾಕಿ, ಕಾಫಿ ಅಲ್ಲಿಗೇ ಕಳಿಸಿ. ಅಳತೆಯ ಟೇಪು ಮಾತ್ರ ಅವರ ಕೈಗೆ ಸಿಗದಂತೆ ನೋಡಿಕೊಳ್ಳಿ.