ಪುಕ್ಕಟೆ ತಂತ್ರಾಂಶದ ದರಪಟ್ಟಿ

(ದಾವಣಗೆರೆಯ ದೇವರಾಜ ಅರಸು ಬಡಾವಣೆ. ರಾತ್ರಿ ಹತ್ತು ಗಂಟೆ. ‘ನುಡಿ’ ಫಾಂಟಿನ ಕನ್ನಡ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶ ಬರೆದು ಪುಕ್ಕಟೆ ಹಂಚಿದ ಹುಡುಗನ ಮನೆಗೆ ನಿವೃತ್ತ ಮೇಷ್ಟ್ರು ಲ್ಯಾಪ್‌ಟಾಪ್ ಸಮೇತ ಬಂದಿದ್ದಾರೆ.)

ಮೇಷ್ಟ್ರು: ತಮ್ಮಾ, ನಿಂದು ಕೆಟ್ಟೈತಿ. ಬರೆದದ್ದು ಕನ್ನಡ, ಕಾಣೋದು ಕೊಂಬು ಮೂಡಿದ ಇಂಗ್ಲಿಷ್!

ಹುಡುಗ: ಅದು ಬದಲಿಸೋಕೆ ಮುಂಚಿನ ಹಳೇ ಕಡತ ಸಾರ್. ಒಳಗಿರೋದು ಇಂಗ್ಲಿಷ್ ಸಂಕೇತಾನೇ. ನುಡಿ ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕ್ತದೆ. ಸೂಚನೇಲಿ ಬರೆದೀನಲ್ಲ?

ಮೇಷ್ಟ್ರು: ಜೀವಮಾನವಿಡೀ ಮಕ್ಕಳಿಗೆ ಓದಿಸೀನಿ, ಈಗ ನಾನು ಓದ್ಬೇಕಾ? ಪ್ರಿಂಟರೂ ನಿಂತೈತಿ, ನೋಡು.

ಹುಡುಗ: ಪ್ರಿಂಟರ್ ನಾನು ಮಾಡಿದ್ದಲ್ಲ ಸಾರ್.

ಮೇಷ್ಟ್ರು: ನಿಂದು ಹಾಕಿದ ಮೇಲೇ ನಿಂತದ್ದು! ಕರೆಂಟು ಹೋಗೋದೂ ಆವಾಗಿಂದ್ಲೇ.

ಹುಡುಗ: ಇಂಥ ದೂರಿನ ಫೋನ್ ಕರೆಗೆ ಅರ್ಧ ಗಂಟೆ, ದಿನಕ್ಕೆ ನಾಲ್ಕು ಕರೆ. ದೋಷ ತಿದ್ದೋದು ಯಾವಾಗ? ತಂತ್ರಾಂಶಕ್ಕೆ ವರ್ಷಕ್ಕೆ ನೂರು ರೂಪಾಯಿ ಬೆಲೆ ಇಡ್ಲಾ?

ಮೇಷ್ಟ್ರು: ಛೇ! ಶೇಷಾದ್ರಿವಾಸು 1998ರಲ್ಲಿ ‘ಬರಹ’ ತಂತ್ರಾಂಶ ಪುಕ್ಕಟೆ ಕೊಡ್ಲಿಲ್ವಾ?

ಹುಡುಗ: ಕೊಟ್ರು. ಮುಂದೆ ಅದಕ್ಕೂ ಲೈಸೆನ್ಸಿನ ಬೆಲೆ ಬಂತು. ‘ನುಡಿ’ ಬೆನ್ನಿಗೆ ಕನ್ನಡ ಗಣಕ ಪರಿಷತ್ತು, ಸರ್ಕಾರ ಇದ್ವು. ನನ್ನ ಬೆನ್ನಿಗೆ ನೀವೊಬ್ರೇ, ಅದೂ ರಾತ್ರಿ ಹತ್ತಕ್ಕೆ.

ಮೇಷ್ಟ್ರು: ಬೇಜಾರಾಗ್ಬೇಡ, ನಾಳೆ ಬೆಣ್ಣೆ ದೋಸೆ ಕೊಡಿಸ್ತೀನಿ.

ಹುಡುಗ: ದೋಸೆಗೆ ದುಡ್ಡು ಕೊಡ್ತೀರಾ?

ಮೇಷ್ಟ್ರು: ಕೊಡದೆ? ಅವನು ಬೆಣ್ಣೆ ಹಾಕ್ತಾನಪ್ಪ!

(ಓದುಗರೇ, ಪುಕ್ಕಟೆ ತಂತ್ರಾಂಶವನ್ನು ಧಾರಾಳವಾಗಿ ಬಳಸಿ, ಫೋನ್ ಮಾಡುವ ಮುನ್ನ ಸೂಚನೆ ಓದಿ. ಓದಲಾರಿರಾದರೆ, ಬರೆದವನಿಗೆ ದೋಸೆಯ ಬೆಲೆಯನ್ನಾದರೂ ಕೊಡಿ.)