ಸ್ವಲ್ಪ ಹೊಂದ್ಕೊಂಡ ಹೋಗ್ರಿ

ಹಟ ಬಿಡಿ, ಕಾಲಕ್ಕೆ ತಕ್ಕಂತೆ ಹೊಂದಿಕೊಳ್ಳಿ ಎಂದು ವಿಜಯಪುರ ಜಿಲ್ಲೆಯ ರೈತರಿಗೆ ಬುದ್ಧಿ ಹೇಳಲು ಎ.ಸಿ. ಕಾರಿನಲ್ಲಿ ಬರುವವರನ್ನು ಕಂಡರೆ ನನಗೆ ಭಾರೀ ಗೌರವ. ಅಷ್ಟು ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಇಲ್ಲಿನ ಜನ ಬಿಜಾಪುರದವರಾಗಿ ಮಲಗಿ, 2014ರ ನವೆಂಬರ್ 1ರಂದು ವಿಜಯಪುರದವರಾಗಿ ಎದ್ದರು. ಕೆಲವೇ ವರ್ಷಗಳಲ್ಲಿ ಇಂಡಿಯಿಂದ ಚಡಚಣ, ಮುದ್ದೇಬಿಹಾಳದಿಂದ ತಾಳಿಕೋಟಿ, ಸಿಂದಗಿಯಿಂದ ದೇವರ ಹಿಪ್ಪರಗಿ, ಆಲಮೇಲ ಸಿಡಿದು ತಾಲೂಕುಗಳಾದವು. ಮನೆ ಅಲ್ಲೇ, ಹೊಲ ಅಲ್ಲೇ, ವಿಳಾಸ ಮಾತ್ರ ಬೇರೆ. ಜನ ಅದಕ್ಕೂ ಹೊಂದಿಕೊಂಡರು. ಇಂಡಿಯವರು ಬರ ಬಿದ್ದಾಗ ಟ್ಯಾಂಕರ್ ನೀರು ಕೊಂಡು ಲಿಂಬೆ ಗಿಡ ಉಳಿಸಿಕೊಂಡರು. 2023ರಲ್ಲಿ ಆ ಲಿಂಬೆಗೆ ಜಿ.ಐ. ಟ್ಯಾಗ್ ಬಂತು, ಟ್ಯಾಂಕರಿನ ಸಾಲಕ್ಕೆ ಯಾವ ಟ್ಯಾಗೂ ಬರಲಿಲ್ಲ. ಮುದ್ದೇಬಿಹಾಳ, ಸಿಂದಗಿ ಕಡೆಯಿಂದ ದುಡಿಯಾಕ ಹೋದವರು ಗೋವಾದಲ್ಲಿ ಕೊಂಕಣಿ, ಪುಣೆಯಲ್ಲಿ ಮರಾಠಿ, ಮಂಗಳೂರಲ್ಲಿ ಮೇಸ್ತ್ರಿಯ ಬೈಗುಳದಷ್ಟು ತುಳು ಕಲಿತರು.

ಬಸವನ ಬಾಗೇವಾಡಿ ಸೀಮೆಯವರದಂತೂ ಪಿಎಚ್.ಡಿ. ಮಟ್ಟದ ಹೊಂದಾಣಿಕೆ. ಆಲಮಟ್ಟಿ ಆಣೆಕಟ್ಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು, ರಾಷ್ಟ್ರಪತಿ ಕಲಾಂ ಲೋಕಾರ್ಪಣೆ ಮಾಡಿದ್ದು 2006ರ ಆಗಸ್ಟ್ 21ರಂದು. ಈ 42 ವರ್ಷಗಳ ನಡುವೆ ಹಳೆ ಕೊಲ್ಹಾರ ಹಿನ್ನೀರಿನೊಳಗೆ ಹೋಯಿತು. ಗುಡಿ, ಕಟ್ಟೆ, ಓಣಿ ಎಲ್ಲ ಮುಳುಗಿದರೂ ಕೊಲ್ಹಾರದ ಗಡಿಗೆ ಮೊಸರು ಮಾತ್ರ ಹೊಸ ಊರಿಗೆ ಬಂದು ವ್ಯಾಪಾರ ಮುಂದುವರಿಸಿತು. ಅದಕ್ಕಿಂತ ಹೆಚ್ಚು ಹೊಂದಿಕೊಳ್ಳುವುದು ಹೇಗೆಂದು ಸಾಹೇಬರೇ ಹೇಳಬೇಕು.

ಹಟ ಹಿಡಿದಿರುವುದು ದಶಾಂಶ. ಆಣೆಕಟ್ಟೆಯ ಮಟ್ಟ ಇವತ್ತಿಗೂ 519.60 ಮೀಟರ್. ಅದನ್ನು 524.256ಕ್ಕೆ ಏರಿಸಬಹುದೆಂದು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲೇ ಹೇಳಿತು. ಆಮೇಲೆ ಮಹಾರಾಷ್ಟ್ರಕ್ಕೆ ಸಾಂಗಲಿ ಮುಳುಗೀತೆಂಬ ಚಿಂತೆ, ದಿಲ್ಲಿಗೆ ತೀರ್ಪನ್ನು ಗೆಜೆಟ್ಟಿಗೆ ಹಾಕುವ ಚಿಂತೆ. ಮುಳುಗಡೆ ಅಂತ ಗುರುತಾದ ಹೊಲದವನು ಬಾವಿ ತೋಡಬೇಕೋ ಬಿಡಬೇಕೋ? ಮಗಳ ಮದುವೆ ಪರಿಹಾರ ಬಂದ ಮೇಲೋ ಮೊದಲೋ? ಆ ಮೂರು ದಶಾಂಶ ಸ್ಥಾನ ಒಂದಿಂಚು ಬಾಗುವುದಿಲ್ಲ, ಅಪ್ಪ ಮಗಳು ಬಾಗಬೇಕು.

ಇನ್ನು ಪರಿಹಾರ ಕೊಡುವ ಕಚೇರಿ. ಉತಾರದಲ್ಲಿ 'ಬಸವಪ್ಪ', ಆಧಾರ್ ಕಾರ್ಡಿನಲ್ಲಿ 'ಬಸಪ್ಪ'. "ಅಜ್ಜಾ, ಹೆಸರು ತಾಳಿ ಆಗವಲ್ದು. ರೊಕ್ಕ ಹಾಕಾಕ ಬರೂದಿಲ್ಲ."

"ಎರಡೂ ನಾನ ಅದೀನ್ರಿ ಸಾಹೇಬ್ರ."

"ನಿನ್ನ ಕೇಳಿಲ್ಲ, ಕಂಪ್ಯೂಟರಿಗಿ ಕೇಳೀನಿ. ಎರಡು ಸಲ ಅಡ್ಡಾಡಬೇಕಾಗ್ತದ, ಸ್ವಲ್ಪ ಹೊಂದ್ಕೊಂಡ ಹೋಗು."

ಈ ಉಪದೇಶ ನಡೆಯುವ ಕುರ್ಚಿಯ ಮೇಲ್ಗಡೆ ಬಸವಣ್ಣನ ಫೋಟೋ. 2024ರಲ್ಲಿ ಸರ್ಕಾರ ಅವನನ್ನು ರಾಜ್ಯದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು, ಕಚೇರಿ ಕಚೇರಿಗೆ ಫೋಟೋ ಬಂತು. ಬಾಗೇವಾಡಿಯ ಈ ಹುಡುಗ ಜನಿವಾರ ಬೇಡವೆಂದು ಮನೆ ಬಿಟ್ಟು ಕೂಡಲಸಂಗಮದ ದಾರಿ ಹಿಡಿದನೆಂಬುದು ಪರಂಪರೆ ಹೇಳುವ ಕಥೆ. ಹಿರಿಯರು ಆಗಲೂ 'ಹೊಂದ್ಕೊಂಡ ಹೋಗಪ್ಪಾ' ಅಂದಿರಬೇಕು. ಜಯಂತಿಯ ದಿನ ಅದೇ ಫೋಟೋಗೆ ಹಾರ ಹಾಕುವ ಸಾಹೇಬರು, ಅಜ್ಜನ ಹೆಸರಿನ ಒಂದೇ ಒಂದು 'ವ' ನುಂಗಿಕೊಳ್ಳಲಾರರು.

ಅಜ್ಜ ಜಗಳ ಆಡಲಿಲ್ಲ. ಎರಡೂ ಹೆಸರು ಒಬ್ಬನವೇ ಎಂದು ಅಫಿಡವಿಟ್ ಮಾಡಿಸಲು ಹೋದ. ಛಾಪಾ ಕಾಗದ, ನೋಟರಿ, ಝೆರಾಕ್ಸ್, ನಡುವೆ ಎರಡು ಚಹಾ, ಎಲ್ಲ ಮುಗಿಸಿ ಸಂಜೆ ಬಸ್ಸಿನಲ್ಲಿ ಮೊಮ್ಮಗನಿಂದ ಓದಿಸಿದರೆ, ಟೈಪಿಸ್ಟ್ 'ಬಸ್ಸಪ್ಪ' ಅಂತ ಹೊಡೆದಿದ್ದ.